ರಾತ್ರಿ ಪಾಳಿಯ ವ್ಯಾಂಪೈರ್‌ಗಳು: ‘ವಿಕೆಡ್ ಗೇಮ್’ ಕೊಳ್ಳುವ ಮುನ್ನ

ಜೆರಿ ಸ್ಮಿತ್-ರೆಡಿ ಬರೆದ ‘ವಿಕೆಡ್ ಗೇಮ್’ (2008) ಕಾದಂಬರಿಯನ್ನು ಬರೀ ಪ್ರೇಮಕಥೆ ಅಂತ ಕೊಂಡವರಿಗೆ ಅದರ ಮುಕ್ಕಾಲು ರುಚಿ ತಪ್ಪಿಹೋಗುತ್ತದೆ. ವ್ಯಾಂಪೈರ್, ಮುತ್ತು, ರಕ್ತ ಎಲ್ಲ ಇದೆ, ಆದರೆ ಕಥೆಯ ಜೀವ ಇರುವುದು ಮುಳುಗುತ್ತಿರುವ ಸಣ್ಣ ರೇಡಿಯೊ ಸ್ಟೇಷನ್ನಿನ ಜಮಾಖರ್ಚಿನಲ್ಲಿ.

ಅಮೆರಿಕದ ಮೇರಿಲ್ಯಾಂಡಿನ ಶೆರ್ವುಡ್ ಎಂಬ ಊರು, ಅಲ್ಲಿ ಡಬ್ಲ್ಯೂವಿಎಂಪಿ ಸ್ಟೇಷನ್. ಕಿಯಾರಾ ಗ್ರಿಫಿನ್ ಅಲ್ಲಿಗೆ ಇಂಟರ್ನ್ ಆಗಿ ಸೇರುತ್ತಾಳೆ. ನಮ್ಮ ಕಡೆ ಮಾತಿನಲ್ಲಿ ಹೇಳುವುದಾದರೆ ಶುದ್ಧ ಬೆರಕಿ ಹುಡುಗಿ. ಅಪ್ಪ ಅಮ್ಮ ದೇವರ ಹೆಸರಲ್ಲಿ ಊರೂರು ತಿರುಗಿ ಟೋಪಿ ಹಾಕಿದವರು, ಇವಳೂ ಅದೇ ಗರಡಿಯವಳು. ರಾತ್ರಿ ಹಾಡು ಹಾಕುವ ಡಿಜೆಗಳೆಲ್ಲ ವ್ಯಾಂಪೈರ್‌ಗಳೆಂದು ಗೊತ್ತಾದಾಗ ಅವಳು ಅದನ್ನು ಮುಚ್ಚಿಡುವುದಿಲ್ಲ, ಜಾಹೀರಾತು ಮಾಡುತ್ತಾಳೆ. ಜನ ಹೆಂಗೂ ನಂಬುವುದಿಲ್ಲ, ಗಿಮಿಕ್ ಅಂದುಕೊಂಡು ಕೇಳುತ್ತಾರೆ ಎಂಬುದು ಅವಳ ಲೆಕ್ಕ. ನಿಜ ಹೇಳಿಯೇ ಮೋಸ ಮಾಡುವ ಈ ಉಪಾಯದಿಂದ ಮೊದಲರ್ಧ ದೌಡಾಯಿಸುತ್ತದೆ.

ಇಲ್ಲಿನ ವ್ಯಾಂಪೈರ್‌ಗಳ ಕಟ್ಟುಪಾಡು ಗಟ್ಟಿಯಾಗಿದೆ. ಯಾವ ಕಾಲದಲ್ಲಿ ಸತ್ತರೋ ಮನಸ್ಸು ಆ ಕಾಲಕ್ಕೇ ಅಂಟಿಕೊಂಡಿರುತ್ತದೆ. ಡಿಜೆಗಳಲ್ಲಿ ಮನ್ರೋ ಹಳೆಯ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಧಾಟಿ) ಬಿಟ್ಟು ಅಲುಗುವುದಿಲ್ಲ. ಉಳಿದವರಿಗೂ ಒಂದೊಂದು ಸಂಗೀತ ಪ್ರಕಾರ: ಸ್ಪೆನ್ಸರ್ 50ರ ದಶಕದ ರಾಕಬಿಲಿ, ಜಿಮ್ 60ರ ದಶಕದ ಸೈಕೆಡೆಲಿಕ್ ರಾಕ್, ನೋಹ ರೆಗ್ಗೆ, ರೆಜಿನಾ ಪಂಕ್, ನಾಯಕ ಶೇನ್ 90ರ ದಶಕದ ಗ್ರಂಜ್ ಎಂಬ ಒರಟು ರಾಕ್. ಬೇರೆ ಯಾವ ಕೆಲಸಕ್ಕೆ ಹಾಕಿದರೂ ಇವರು ನಾಲಾಯಕ್, ಆದರೆ ಹಳೆಯ ಹಾಡಿನ ಕಾರ್ಯಕ್ರಮಕ್ಕೆ ಇವರನ್ನು ಮೀರಿಸುವವರಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಂದಿನ ಕಿವಿಯನ್ನೇ ಇಟ್ಟುಕೊಂಡ ಉದ್ಘೋಷಕನೊಬ್ಬ ಇವತ್ತಿಗೂ ರಾತ್ರಿ ಮೈಕಿನ ಮುಂದೆ ಕೂತಿದ್ದರೆ ಬೆಳಗಾವಿಯ ಅರ್ಧ ಮಂದಿ ನಿದ್ದೆಗೆಡುತ್ತಿದ್ದರು!

ಇನ್ನೊಂದು ಕಟ್ಟುಪಾಡು ಎಣಿಕೆಯದು. ಚೆಲ್ಲಿದ ಗಸಗಸೆಯನ್ನು ಒಂದೊಂದೇ ಎಣಿಸದೆ ವ್ಯಾಂಪೈರ್ ಮುಂದೆ ಹೋಗಲಾರದು ಎಂಬ ನಂಬಿಕೆ ಪೂರ್ವ ಯುರೋಪಿನಲ್ಲಿತ್ತು. ಬಾಗಿಲ ಮೇಲಿನ ‘ನಾಳೆ ಬಾ’ ಓದಿ ನಮ್ಮ ದೆವ್ವ ತಿರುಗಿ ಹೋಗುತ್ತಿದ್ದ ಹಾಗೆ ಅದೂ ನಿಯಮಕ್ಕೆ ಸಿಕ್ಕಿಬಿದ್ದ ಜೀವ. ಲೇಖಕಿ ಗಸಗಸೆಯ ಜಾಗದಲ್ಲಿ ಸಿಡಿಗಳನ್ನು ಇಟ್ಟಿದ್ದಾರೆ. ಕಿಯಾರಾಳ ಮನೆಯಲ್ಲಿ ಸಿಡಿಗಳ ಸಾಲು ಅಕ್ಷರಾನುಕ್ರಮ ತಪ್ಪಿದ್ದರೆ ಶೇನ್ ಸುಮ್ಮನೆ ಕೂರಲಾರ, ಪ್ರೇಮಸಲ್ಲಾಪ ಅತ್ತ, ಜೋಡಿಸುವ ಕೆಲಸ ಇತ್ತ. ನಗು ಬರುತ್ತದೆ, ಜೊತೆಗೇ ಅವನ ಅಸಹಾಯಕತೆಯೂ ತಟ್ಟುತ್ತದೆ.

ರೇಡಿಯೊ ವ್ಯವಹಾರದ ಹಿನ್ನೆಲೆ ಗೊತ್ತಿಲ್ಲದಿದ್ದರೆ ಖಳ ಯಾರೆಂದೇ ಹತ್ತುವುದಿಲ್ಲ. ಸ್ಕೈವೇವ್ ಎಂಬ ದೊಡ್ಡ ಕಂಪನಿ ಸ್ಟೇಷನ್ ನುಂಗಲು ಕಾದಿರುತ್ತದೆ. ಒಂದು ಕಂಪನಿ ದೇಶದಲ್ಲೆಲ್ಲ ಸೇರಿ ಎಷ್ಟು ಸ್ಟೇಷನ್ ಇಟ್ಟುಕೊಳ್ಳಬಹುದು ಎಂಬುದಕ್ಕೆ ಅಮೆರಿಕದಲ್ಲಿ ಮಿತಿ ಇತ್ತು. 1996ರ ದೂರಸಂಪರ್ಕ ಕಾಯ್ದೆ ಅದನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಒಂದೇ ಕಂಪನಿಯ ಕೈಗೆ ಸಾವಿರಕ್ಕೂ ಹೆಚ್ಚು ಸ್ಟೇಷನ್ ಬಂದವು. ಹಾಡಿನ ಪಟ್ಟಿ ಹೆಡ್ ಆಫೀಸಿನಿಂದ ಬರತೊಡಗಿತು, ಒಬ್ಬ ಡಿಜೆ ಒಂದೂರಲ್ಲಿ ಕೂತು ಹತ್ತೂರಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದ. ಅಂಥ ಕಡೆ ತನಗೆ ಬೇಕಾದ ಹಾಡು ತಾನೇ ಆರಿಸುವ ಡಿಜೆಗೆ ಜಾಗವಿಲ್ಲ. ಅಂದರೆ ಇಲ್ಲಿ ರಕ್ತ ಹೀರುವವರು ಯಾರು ಎಂದು ಕೇಳುವಂತಾಗುತ್ತದೆ. ಸ್ಟೇಷನ್ನಿನ ಹೆಸರಿನ ಮೊದಲ ಅಕ್ಷರ ಡಬ್ಲ್ಯೂ ಇರುವುದೂ ಸುಮ್ಮನೆ ಅಲ್ಲ: ಮಿಸಿಸಿಪ್ಪಿ ನದಿಯ ಪೂರ್ವದ ಸ್ಟೇಷನ್‌ಗಳಿಗೆ ಸಾಮಾನ್ಯವಾಗಿ ಡಬ್ಲ್ಯೂ, ಪಶ್ಚಿಮದವಕ್ಕೆ ಕೆ.

ಪುಸ್ತಕ ಸೋಲುವುದು ಹೊಡೆದಾಟದಲ್ಲಿ. ವ್ಯಾಂಪೈರ್‌ಗಳನ್ನು ಕಾಯಲು, ಹದ್ದುಬಸ್ತಿನಲ್ಲಿಡಲು ‘ಕಂಟ್ರೋಲ್’ ಎಂಬ ಅರೆಸೇನಾ ಸಂಸ್ಥೆ ಇದೆ. ಅದು ಮುಂದೆ ಬಂದಂತೆಲ್ಲ ಸ್ಟುಡಿಯೊ ಹಿಂದೆ ಸರಿಯುತ್ತದೆ, ಕಿಯಾರಾಳ ಚುರುಕು ಮಾತಿನ ಜಾಗದಲ್ಲಿ ಓಟ, ಅಪಹರಣ, ಆಯುಧ. ಮನ್ರೋ, ನೋಹ ಇಬ್ಬರಿಗೂ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಬ್ಲೂಸ್‌ನವನಿಗೆ ಒಂದೆರಡು ಅಧ್ಯಾಯ ಪೂರ್ತಿ ಕೊಟ್ಟಿದ್ದರೆ ಕಾದಂಬರಿಯ ತೂಕವೇ ಬೇರೆ ಆಗುತ್ತಿತ್ತು. ಪ್ರೇಮದ ಭಾಗ ಚೆನ್ನಾಗಿದೆ. ಹಾಸಿಗೆಯ ದೃಶ್ಯಗಳು ಬಿಚ್ಚುಮಾತಿನವು, ಹೈಸ್ಕೂಲ್ ಮಕ್ಕಳ ಕೈಗೆ ಕೊಡುವ ಪುಸ್ತಕ ಅಲ್ಲ.

ಅಧ್ಯಾಯಗಳಿಗೆ ಹಾಡುಗಳ ಹೆಸರಿಟ್ಟಿದ್ದಾರೆ. ಅಧ್ಯಾಯ ಶುರು ಮಾಡುವ ಮುನ್ನ ಆ ಹಾಡು ಕೇಳಿದರೆ ದೃಶ್ಯದ ಧಾಟಿ ಮೊದಲೇ ಕಿವಿಗೆ ಬೀಳುತ್ತದೆ. ಫೋನಿನ ಸ್ಪೀಕರ್ ಬೇಡ. 1930ರ ದಶಕದ ಬ್ಲೂಸ್ ಮೂಲತಃ 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಮೇಲಿನದು. ಸಣ್ಣ ಸ್ಪೀಕರಿನಲ್ಲಿ ಅದರ ಚರಚರ ಸದ್ದೇ ಮುಂದಾಗಿ ಗಿಟಾರಿನ ದಪ್ಪ ತಂತಿ ಕೇಳಿಸುವುದೇ ಇಲ್ಲ. ಗ್ರಂಜ್‌ನಲ್ಲಿ ಚರಣ ಮೆಲ್ಲಗೆ ಬಂದು ಆಮೇಲೆ ಪಲ್ಲವಿ ಸಿಡಿಯುವುದುಂಟು, ಅದಕ್ಕೂ ಇಯರ್‌ಫೋನ್ ಬೇಕು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟವರಾದರೆ ಬೆಳಗಾವಿ ಬಿಡುವ ಮೊದಲೇ ಹಾಡು ಡೌನ್‌ಲೋಡ್ ಮಾಡಿಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ನೆಚ್ಚಿಕೊಂಡರೆ ಆಗುವುದಿಲ್ಲ.

ಸರಣಿ ಬಿಡಿಬಿಡಿಯಾಗಿ ಓದುವಂಥದ್ದಲ್ಲ. ‘ಬ್ಯಾಡ್ ಟು ದ ಬೋನ್’ (2009), ‘ಬ್ರಿಂಗ್ ಆನ್ ದ ನೈಟ್’ (2010), ‘ಲಸ್ಟ್ ಫಾರ್ ಲೈಫ್’ (2012) ಹೀಗೇ ಕ್ರಮವಾಗಿ ಬರಬೇಕು. ಎರಡನೆಯದನ್ನು ಮೊದಲು ಹಿಡಿದರೆ ಯಾರ ಗುಟ್ಟು ಯಾರಿಗೆ ಗೊತ್ತು ಎಂಬ ಗೊಂದಲದಲ್ಲೇ ಪುಟ ಸಾಗುತ್ತವೆ. ‘ವಿಕೆಡ್ ಗೇಮ್’ ಹೆಸರಿನ ಬೇರೆ ಪುಸ್ತಕಗಳೂ ಇರುವುದರಿಂದ ಆನ್‌ಲೈನ್‌ನಲ್ಲಿ ಲೇಖಕಿಯ ಹೆಸರು ಹಾಕಿಯೇ ಹುಡುಕಿ. ಇ-ಪುಸ್ತಕದ ಮಾದರಿ ಪುಟ ಸಿಕ್ಕರೆ ಮೊದಲು ಅದನ್ನು ಓದಿ. ಅಲ್ಲಿ ಕಿಯಾರಾಳ ಕೊಂಕುಮಾತು ಹಿಡಿಸದಿದ್ದರೆ ದುಡ್ಡು ಹಾಕಬೇಡಿ, ಮುಂದಿನ 300ಕ್ಕೂ ಹೆಚ್ಚು ಪುಟ ಅವಳ ಬಾಯಿಂದಲೇ ಬರುತ್ತವೆ.