ಅಪ್ಪನ ಕಣ್ಣು ಉಳಿಸಿದ ಮೈಸೂರಿನ ಕಾರ್ನಿಯಾ ವಿಭಾಗ

ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಕಬ್ಬು ಕಡಿಯುವಾಗ ಅಪ್ಪನ ಬಲಗಣ್ಣಿಗೆ ಗರಿ ಬಡಿಯಿತು. ಮೆಡಿಕಲ್ ಶಾಪಿನಲ್ಲಿ ಒಂದು ಡ್ರಾಪ್ಸ್ ಕೊಟ್ಟರು. ಎರಡು ದಿನ ಉರಿ ಇಳಿಯಿತು. ಆರನೇ ದಿನ ಕರಿಗುಡ್ಡೆ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಅಜ್ಜಿ ನೋಡಿದವರೇ, "ಹೂ ಬಿದ್ದದೆ ಕಣ್ಲಾ ಮಗ, ತಡ ಮಾಡ್ಬ್ಯಾಡ" ಅಂದರು. ಮಾರನೇ ಬೆಳಿಗ್ಗೆಯೇ ಮೈಸೂರಿನ ಕಣ್ಣಾಸ್ಪತ್ರೆಗೆ ಹೊರಟೆವು.

ಟೋಕನ್ ತಗೊಂಡು ಎರಡೂವರೆ ಗಂಟೆ ಕಾದೆವು. ಕಣ್ಣು ಬಿಡಲಾಗದೆ ಟವೆಲ್ ಮುಚ್ಚಿಕೊಂಡು ಕೂತವರನ್ನು ಅಷ್ಟು ಹೊತ್ತು ಕಾಯಿಸಬಾರದಿತ್ತು. ಇದು ನನ್ನ ದೊಡ್ಡ ದೂರು.

ಒಳಗೆ ಹೋದ ಮೇಲೆ ಮಾತ್ರ ಒಂದು ಕೊರತೆ ಹೇಳುವ ಹಾಗಿಲ್ಲ. ಡಾಕ್ಟರ್ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟರು. ಗಾಯ ಇದ್ದಷ್ಟು ಜಾಗ ಹಸಿರಾಗಿ ಹೊಳೆಯಿತು. ನನ್ನನ್ನೂ ಕರೆದು ತೋರಿಸಿದರು. ಆಮೇಲೆ ಮರಗಟ್ಟುವ ಹನಿ ಹಾಕಿ, ಹುಣ್ಣಿನ ಅಂಚನ್ನು ಸಣ್ಣ ಬ್ಲೇಡಿನಿಂದ ಕೆರೆದು ಗಾಜಿನ ಸ್ಲೈಡಿಗೆ ಹಚ್ಚಿದರು. ಮಧ್ಯಾಹ್ನದೊಳಗೆ ಉತ್ತರ ಬಂತು: ಫಂಗಸ್. ಹಳೇ ಡ್ರಾಪ್ಸ್ ಬಾಟಲಿ ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆ, ಇವತ್ತೇ ನಿಲ್ಲಿಸಿ" ಅಂದರು. ಸ್ಟೀರಾಯ್ಡ್ ಕೆಂಪು ಇಳಿಸುತ್ತದೆ, ಒಳಗೆ ಫಂಗಸ್ ಬೆಳೆಯಲು ಬಿಡುತ್ತದೆ. ಕೇಳಿ ನನ್ನ ಹೊಟ್ಟೆ ತಳಮಳಿಸಿತು. ಆ ಹನಿ ಹಾಕಿದ್ದು ನಾನೇ ಅಲ್ವಾ.

"ಮಾತ್ರೆ ಸಾಲದಾ ಸಾರ್?" ಅಂತ ಅಪ್ಪ ಕೇಳಿದರು. ಕಾರ್ನಿಯಾ ಅಂದರೆ ಕರಿಗುಡ್ಡೆ ಮುಂದಿರುವ, ಅರ್ಧ ಮಿಲಿಮೀಟರ್ ದಪ್ಪದ ಗಾಜಿನಂಥ ಪದರ, ಅದಕ್ಕೆ ರಕ್ತನಾಳವೇ ಇಲ್ಲ, ಹಾಗಾಗಿ ಹನಿಯೇ ಮುಖ್ಯ ಅಂತ ಸಮಾಧಾನದಿಂದ ವಿವರಿಸಿದರು. ಫಂಗಸ್ ಕೊಲ್ಲುವ ನಾಟಮೈಸಿನ್, ಗಂಟೆಗೊಂದು ಹನಿ, ಮೊದಮೊದಲು ರಾತ್ರಿಯೂ. ಹಾಲಿನ ಹಾಗೆ ಬೆಳ್ಳಗಿರುವ ಮದ್ದು, ಪ್ರತಿ ಸಲ ಬಾಟಲಿ ಅಲ್ಲಾಡಿಸಬೇಕು. ಚೀಟಿಯೆಲ್ಲ ಇಂಗ್ಲಿಷಿನಲ್ಲಿತ್ತು. ಅಲ್ಲಿದ್ದ ಸಿಸ್ಟರ್ ಅದರ ಹಿಂದುಗಡೆ ಕನ್ನಡದಲ್ಲಿ ಹೊತ್ತು ಬರೆದುಕೊಟ್ಟರು. "ಯಜಮಾನ್ರೇ, ಕೆಳಗಿನ ರೆಪ್ಪೆ ಎಳೀರಿ, ಒಂದೇ ಹನಿ ಸಾಕು. ಎರಡನೇ ಮದ್ದಿಗೆ ಐದು ನಿಮಿಷ ಬಿಡಿ" ಅಂತ ಅಪ್ಪನ ಕೈಯಲ್ಲೇ ಹಾಕಿಸಿ ನೋಡಿದರು. ಆ ಚೀಟಿ ಇನ್ನೂ ನಮ್ಮ ಗೋಡೆ ಮೇಲಿದೆ.

ಏಳು ವಾರ ಹಿಡಿಯಿತು. ಮಧ್ಯೆ ಎರಡು ಸಲ ಮತ್ತೆ ಕೆರೆದರು. ಹುಣ್ಣು ಮಾಯಿತು, ತೆಳು ಕಲೆ ಉಳಿಯಿತು. ಆ ಕಣ್ಣು ಸ್ವಲ್ಪ ಮಂಜು, ಆದರೂ ಬಸ್ಸಿನ ಬೋರ್ಡು ಓದುತ್ತಾರೆ. ಕಲೆ ಪಾಪೆಗೆ ಅಡ್ಡ ಬಂದಿದ್ದರೆ ಕಾರ್ನಿಯಾ ಕಸಿಯೇ ಗತಿ, ಅದಕ್ಕೆ ಯಾರಾದರೂ ದಾನ ಮಾಡಿದ ಕಣ್ಣು ಬೇಕು ಅಂದರು. 2021ರಲ್ಲಿ ಅಪ್ಪು ಕಣ್ಣು ನಾಲ್ಕು ಜನಕ್ಕೆ ಹೇಗೆ ಬಂತು ಅಂತ ನನಗೆ ಅವತ್ತೇ ತಿಳಿದದ್ದು: ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬಿಡಿಸಿ ಬೇರೆಬೇರೆಯವರಿಗೆ ಹಾಕುತ್ತಾರೆ. ಅಪ್ಪ ಅಲ್ಲೇ ನೇತ್ರದಾನದ ಫಾರಂ ಕೇಳಿ ಸಹಿ ಹಾಕಿದರು.

ಹೋಗುವವರು ಬೆಳಿಗ್ಗೆ ಬೇಗ ಟೋಕನ್ ತಗೊಳ್ಳಿ. ಈಗಾಗಲೇ ಹಾಕುತ್ತಿರುವ ಡ್ರಾಪ್ಸ್ ಬಾಟಲಿ ಮರೆಯದೆ ಒಯ್ಯಿರಿ.