ಸೊಪ್ಪಿನಬೆಟ್ಟದಿಂದ ಅಳಿವೆಗೆ: ಕಾಲೇಜು ಮಕ್ಕಳ ಮೂರು ದಿನದ ಪ್ರವಾಸ ದುಡ್ಡಿಗೆ ತಕ್ಕದ್ದೇ?

ಶಿರಸಿ, ಸಿದ್ದಾಪುರ, ಕುಮಟಾ ಸುತ್ತಿನಲ್ಲಿ ತೋಟದ ಮನೆಯವರು, ಆಯೋಜಕರು ಕಾಲೇಜುಗಳಿಗೆ ಕೊಡುವ ‘ಸುಸ್ಥಿರ ಬದುಕು ಮತ್ತು ಸಂರಕ್ಷಣೆ’ ಪ್ಯಾಕೇಜುಗಳ ಹಂದರ ಹೆಚ್ಚುಕಡಿಮೆ ಒಂದೇ. ನಲವತ್ತು ಮಕ್ಕಳು, ಎರಡು ರಾತ್ರಿ, ಮೂರು ದಿನ. ಮೊದಲ ದಿನ ಅಡಿಕೆ ತೋಟ, ಅದಕ್ಕೆ ಸೊಪ್ಪು ಒದಗಿಸುವ ಕಾಡಾದ ಸೊಪ್ಪಿನಬೆಟ್ಟ, ಗೋಬರ್ ಗ್ಯಾಸ್. ಎರಡನೇ ದಿನ ಕತ್ತಲೆಕಾನು ಎಂಬ ಕಾಡು. ಮೂರನೇ ದಿನ ಘಟ್ಟ ಇಳಿದು ಅಘನಾಶಿನಿ ಅಳಿವೆ. ಈ ಹಾದಿಗೆ ಪೂರ್ತಿ ಅಂಕ ಕೊಡಬಹುದು. ಬೆಟ್ಟದ ಸೊಪ್ಪು ತೋಟಕ್ಕೆ, ತೋಟದ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆ ಕಡಲಿಗೆ ಹೋಗುವುದನ್ನು ಮೂರೇ ದಿನದಲ್ಲಿ ಕಣ್ಣಾರೆ ನೋಡಲು ಸಿಗುವ ಜಾಗಗಳು ಕಡಿಮೆ. ಅದೂ ದೊಡ್ಡ ಅಣೆಕಟ್ಟಿಲ್ಲದ ಹೊಳೆಯ ಜೊತೆ. ಕೆಡುವುದು ತಾರೀಕಿನಲ್ಲಿ. ಕಾಲೇಜಿಗೆ ಬಿಡುವು ಯಾವಾಗ ಎಂದು ನೋಡಿ ಬಸ್ಸು ಬುಕ್ ಮಾಡುತ್ತಾರೆ. ಕಾಡಿಗೂ ಕಡಲಿಗೂ ಅವುಗಳದ್ದೇ ಪಂಚಾಂಗ ಇದೆ ಎಂಬುದು ಅಲ್ಲಿ ಇಳಿದ ಮೇಲೆ ಗೊತ್ತಾಗುತ್ತದೆ.

ಸೊಪ್ಪಿನಬೆಟ್ಟವನ್ನೇ ತೆಗೆದುಕೊಳ್ಳಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಬಳಸುವ ಹಕ್ಕು ರೈತನದು, ಭೂಮಿ ಸರಕಾರದ್ದು. ಮತ್ತಿ, ಹೊನ್ನೆ, ನಂದಿ, ಕವಲು ಮರಗಳ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಕೊನೆಗೆ ಅಡಿಕೆ ಬುಡ ಸೇರುತ್ತದೆ. ಒಳ್ಳೆಯ ಮಾರ್ಗದರ್ಶಿ ಇದ್ದರೆ ಚೆನ್ನಾಗಿ ಕಾಯ್ದ ಬೆಟ್ಟ ಮತ್ತು ಬೋಳಾದ ಬೆಟ್ಟ ಎರಡನ್ನೂ ತೋರಿಸುತ್ತಾನೆ. ಒಂದನ್ನೇ ತೋರಿಸಿ ಮುಗಿಸಿದರೆ ಅದು ಪ್ರಚಾರ, ಪಾಠವಲ್ಲ.

ಆದರೆ ‘ದರಕು ಗುಡಿಸುವ ಅನುಭವ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿದವರನ್ನು ಕಂಡರೆ ಎಚ್ಚರ. ದರಕು ಗುಡಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಕಾಯಿಲೆ ಹರಡುವ ಉಣ್ಣೆ ಕೂರುವುದು ಅದೇ ಒಣ ಎಲೆಯ ಮೇಲೆ, ಮತ್ತು ಸಿದ್ದಾಪುರ ತಾಲ್ಲೂಕು ಈ ಕಾಯಿಲೆಗೆ ಹೊಸದಲ್ಲ. 1957ರಲ್ಲಿ ಅದು ಮೊದಲು ಪತ್ತೆಯಾದ ಸೊರಬದ ಕ್ಯಾಸನೂರು ಕಾಡು ಪಕ್ಕದ ಸೀಮೆಯದೇ. ಆ ತಿಂಗಳುಗಳಲ್ಲಿ ಹೋಗಲೇಬೇಕೆಂದರೆ ಬೆಟ್ಟವನ್ನು ರಸ್ತೆಯಂಚಿನಿಂದ ನೋಡಿ. ಒಳಗೆ ಹೋದರೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣ್ಣೆ ಹತ್ತದಂತೆ ಡೇಪಾ ತೈಲ ಹಚ್ಚಿ, ನೆಲದ ಮೇಲೆ ಕೂರಬೇಡಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬೇರೆ ಇಡಿ. ಸತ್ತ ಮಂಗ ಕಂಡರೆ ಅಲ್ಲಿಂದಲೇ ವಾಪಸು, ಆರೋಗ್ಯ ಇಲಾಖೆಗೆ ಸುದ್ದಿ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಅಂದರೆ ಜ್ವರ ಬರುವಾಗ ಹುಡುಗ ಬೆಂಗಳೂರಿನ ಹಾಸ್ಟೆಲಿನಲ್ಲಿರುತ್ತಾನೆ, ವೈದ್ಯರ ತಲೆಗೆ ಮೊದಲು ಹೊಳೆಯುವುದು ಡೆಂಗಿ. ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ಹೇಳಬೇಕಾದದ್ದು ಹುಡುಗನೇ. ಇಷ್ಟನ್ನು ಹೊರಡುವ ಮೊದಲೇ ಹೇಳಿಕೊಡುವ ಆಯೋಜಕ ಸಿಕ್ಕರೆ ಉಳಿದದ್ದರಲ್ಲೂ ನಂಬಬಹುದು.

ಗೋಬರ್ ಗ್ಯಾಸ್ ಪಾಠ ಇಡೀ ಪ್ರವಾಸದಲ್ಲಿ ಅತಿ ಕಡಿಮೆ ಹೊತ್ತು ಪಡೆಯುವ, ಅತಿ ಹೆಚ್ಚು ಕಲಿಸುವ ಭಾಗ. ತೊಟ್ಟಿಯ ಪಕ್ಕ ನಿಂತು ಫೋಟೊ ತೆಗೆದರೆ ಏನೂ ಬರಲಿಲ್ಲ. ಬೆಳಗಿನ ಸಗಣಿ ಕಲಸುವ ಹೊತ್ತಿಗೆ ಮಕ್ಕಳು ಅಲ್ಲಿರಬೇಕು. ಎರಡು ಘನ ಮೀಟರಿನ ದೀನಬಂಧು ಮಾದರಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು. ನಾಲ್ಕೈದು ದನಗಳ ಲೆಕ್ಕ. ಕೈಯಿಂದ ಹುಲ್ಲುಕಡ್ಡಿ ತೆಗೆದು, ಗಂಟು ಒಡೆದು, ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಬಾಯಿಯ ಬಿರಡೆ ತೆಗೆಯುತ್ತಾರೆ. ನೀರು ಹೆಚ್ಚಾದರೆ ಸಗಣಿ ಕೊಳೆಯುವ ಮೊದಲೇ ಆಚೆ ಬಾಯಿಯಿಂದ ಹೊರಬೀಳುತ್ತದೆ, ಕಡಿಮೆಯಾದರೆ ಮೇಲೆ ಕೆನೆ ಕಟ್ಟಿ ಗ್ಯಾಸು ಏಳುವುದಿಲ್ಲ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಹೋದರೆ ಒಳಗಿನ ಜೀವಾಣು ಸತ್ತು ಒಲೆ ವಾರಗಟ್ಟಲೆ ತಣ್ಣಗೆ. ಚಳಿಗಾಲದಲ್ಲಿ ಗ್ಯಾಸು ಹೇಗೂ ಇಳಿಯುತ್ತದೆ. ಒಲೆಯ ಉರಿ ತಕಪಕ ಕುಣಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ. ತಗ್ಗಿನಲ್ಲಿರುವ ನಲ್ಲಿ ತಿರುಗಿಸಿ ನೀರು ಇಳಿಸಿದರೆ ಮತ್ತೆ ನೀಲಿ ಉರಿ. ಈ ಕೊನೆಯದನ್ನು ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಮಾಡಿಸಿದರೆ ಸಾಕು, ಜೀವಾಮೃತ ಎಂಬ ದ್ರವಗೊಬ್ಬರ ಕಲಕುವ ಕಾರ್ಯಕ್ರಮವನ್ನು ಬಿಟ್ಟರೂ ನಷ್ಟವಿಲ್ಲ. (ಎಲ್ಲ ಶಿಬಿರದಲ್ಲೂ ಅದನ್ನು ಕಲಕಿಸುತ್ತಾರೆ. 48 ಗಂಟೆ ಇಡಬೇಕಾದ್ದನ್ನು ಹೊರಡುವ ದಿನ ಕಲಕಿಸಿ ಏನು ತೋರಿಸುತ್ತಾರೋ!)

ಶಿರಸಿ ತಾಲ್ಲೂಕಿನ ಸಾಲ್ಕಣಿ ಹಾದಿಯಲ್ಲಿದ್ದರೆ ಅರ್ಧ ಗಂಟೆ ನಿಲ್ಲಿ. 1983ರ ಸೆಪ್ಟೆಂಬರ್ 8ರಂದು ಮರ ಅಪ್ಪಿಕೊಂಡು ಕಾಡು ಉಳಿಸಿದ ಅಪ್ಪಿಕೊ ಚಳವಳಿ ಶುರುವಾದದ್ದು ಅಲ್ಲಿಂದ. ಸ್ಮಾರಕಕ್ಕಿಂತ ಊರಿನ ಹಿರಿಯರ ಮಾತು ಮುಖ್ಯ, ಮೊದಲೇ ಹೇಳಿ ಕರೆಸಬೇಕು.

ಕತ್ತಲೆಕಾನು ಸಿದ್ದಾಪುರ ತಾಲ್ಲೂಕಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು. ಕೆಸರಿನಲ್ಲಿ ನಿಂತ ಮರಗಳ ಬೇರು ಉಸಿರಿಗಾಗಿ ನೆಲದಿಂದ ಮೇಲೆದ್ದು, ಮಂಡಿ ಮಡಚಿದಂತೆ ಮತ್ತೆ ಒಳಗಿಳಿಯುತ್ತದೆ. ಈ ಕಾನಿನ ಹೆಸರನ್ನೇ ಹೊತ್ತ ಒಂದು ಗೇರು ಜಾತಿಯ ಮರ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಇಲ್ಲಿ ನಲವತ್ತು ಜನ ಒಟ್ಟಿಗೆ ಇಳಿದರೆ ಅದು ಸಂರಕ್ಷಣೆಯಲ್ಲ, ಉಳುಮೆ. ಹತ್ತರ ಗುಂಪು, ಗುಂಪಿಗೊಬ್ಬ ಮಾರ್ಗದರ್ಶಿ, ಉಳಿದವರು ರಸ್ತೆಯಲ್ಲಿ ಕಾಯಬೇಕು. ಮಂಡಿಬೇರು ತುಳಿಯಬಾರದು. ಪತ್ರೆಯ ಕೆಂಪು ಜಾಲರಿ ಸುತ್ತಿದ ಬೀಜ ನೆಲದಲ್ಲಿ ಸಿಕ್ಕರೆ ಜೇಬಿಗೆ ಹಾಕಿಕೊಳ್ಳುವ ಚಪಲ ಎಲ್ಲರಿಗೂ ಬರುತ್ತದೆ. ಒಣಗಿದರೆ ಆ ಬೀಜ ಸತ್ತೇ ಹೋಗುತ್ತದೆ, ಬೆಂಗಳೂರು ಮುಟ್ಟುವುದರೊಳಗೆ ಅದು ಬರೀ ಕಾಯಿ. ಸಿಂಗಳೀಕ ಕಾಣಿಸುತ್ತದೆ ಎಂದು ಖಾತ್ರಿ ಕೊಡುವವರನ್ನು ನಂಬಬೇಡಿ. ರಸ್ತೆಗೆ ಬಂದು ತಿಂಡಿ ಬೇಡುವ ಸಿಂಗಳೀಕ ಕಂಡರೆ ಅದು ದುರವಸ್ಥೆ. ಅರಣ್ಯ ಇಲಾಖೆಯ ಲಿಖಿತ ಅನುಮತಿಯ ಪ್ರತಿ ಕೈಯಲ್ಲಿರಲಿ, ಬಾಯಿಮಾತು ಸಾಲದು. ಮಳೆಗಾಲದಲ್ಲಿ ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ಸಾಕು, ಆದರೆ ಆಗ ಜಡ್ಡಿಯ ಒಳಗೆ ಕಾಲಿಡಲಾಗುವುದಿಲ್ಲ.

ಅಳಿವೆಯ ದಿನ ಪೂರ್ತಿ ಇಳಿತದ ಮೇಲೆ ನಿಂತಿದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಈ ಜಾಗದಲ್ಲಿ ಹೆಂಗಸರು, ಗಂಡಸರು ಬಳಚು (ಚಿಪ್ಪುಮೀನು) ಆರಿಸುವುದು ನೀರು ಇಳಿದಾಗ. ಭರತದ (ಉಬ್ಬರದ) ಹೊತ್ತಿಗೆ ಬಸ್ಸು ನಿಂತರೆ ಮಕ್ಕಳಿಗೆ ಕಾಣುವುದು ಅಗಲವಾದ ನೀರು, ಅಷ್ಟೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಹೆಚ್ಚು ದೂರ ಸರಿಯುತ್ತದೆ. ಕಾರವಾರ ಬಂದರಿನ ಉಬ್ಬರವಿಳಿತದ ವೇಳಾಪಟ್ಟಿ ನೋಡಿ, ಇಳಿತಕ್ಕೆ ಒಂದೂವರೆ ಗಂಟೆ ಮೊದಲು ದಡದಲ್ಲಿರಬೇಕು. ಊಟವನ್ನು ಅದರ ಸುತ್ತ ಹೊಂದಿಸಿ, ಅದನ್ನು ಊಟದ ಸುತ್ತ ಅಲ್ಲ. ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ ಇರಲಿ. ಬರಿಗಾಲಿಗೆ ಚಿಪ್ಪು ಕೊಯ್ಯುತ್ತದೆ, ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ.

ಗಜನಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ ಕಗ್ಗ ಭತ್ತ ಉಪ್ಪುನೀರು ತಡೆಯುವ ತಳಿ, ಗೊಬ್ಬರ ಕೇಳುವುದಿಲ್ಲ. ಕೊಯ್ಲಿನ ನಂತರ ಉಳಿದ ಕೂಳೆ ಮೀನಿಗೆ ಮೇವು. ಕಟ್ಟೆಯ ಹಲಗೆ ಬಾಗಿಲಿನಿಂದ ನೀರು ಬಿಡುವುದು, ತಡೆಯುವುದು ನಡೆಯುತ್ತದೆ. ಸಿಗಡಿ ಕೃಷಿ ಬಂದ ಮೇಲೆ ಕಗ್ಗ ಎಷ್ಟೋ ಗಜನಿಗಳಿಂದ ಕಾಲ್ತೆಗೆಯಿತು. ಇದನ್ನು ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಲ್ಲಿ ಬೆಳೆಗಾರರ ಬಾಯಲ್ಲೇ ಕೇಳಿಸುವ ಪ್ಯಾಕೇಜು ಆರಿಸಿ. ಕಗ್ಗದ ಗಂಜಿ ಊಟದಲ್ಲಿದ್ದರೆ ಇನ್ನೂ ಒಳ್ಳೆಯದು.

ವಸತಿಯಲ್ಲಿ ಹುಳುಕು ಹೆಚ್ಚು. ಅಡಿಕೆ ಹಾಳೆಯ ತಟ್ಟೆ ಇಟ್ಟು ಪಕ್ಕದಲ್ಲೇ ಕಾಲು ಲೀಟರಿನ ಬಾಟಲಿ ಹಂಚುವುದು ಸಾಮಾನ್ಯ ದೃಶ್ಯ. ನಲವತ್ತು ಜನಕ್ಕೆ ತಲೆಗೆ 3 ಲೀಟರಿನಂತೆ ದಿನಕ್ಕೆ 120 ಲೀಟರ್, ಅಂದರೆ 20 ಲೀಟರಿನ ಆರು ಕ್ಯಾನು. ಪ್ರತಿಯೊಬ್ಬರೂ ಸ್ವಂತ ಬಾಟಲಿ ತಂದರೆ ಮುಗಿಯಿತು. ಶೌಚಾಲಯ ಹತ್ತು ಜನಕ್ಕೆ ಒಂದಾದರೂ ಬೇಕು. ಮನೆಮಂದಿಗೆಂದು ತೋಡಿದ ಗುಂಡಿಗೆ ಒಮ್ಮೆಲೇ ನಲವತ್ತು ಜನ ಬಂದರೆ ಅದು ಉಕ್ಕುವುದು ತೋಟದ ಕಾಲುವೆಗೇ.

ಬೆಂಗಳೂರಿನಿಂದ ಬಸ್ಸೇ ಬೇಕಿಲ್ಲ. ರಾತ್ರಿ ರೈಲಿನಲ್ಲಿ ತಾಳಗುಪ್ಪಕ್ಕೆ ಹೋಗಿ, ಮೂರನೇ ದಿನ ಕುಮಟಾದಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ನಡುವಿನ ಓಡಾಟಕ್ಕೆ ಎರಡು ಮಿನಿ ಬಸ್ಸು ಸಾಕು. ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟ ತೆರೆದಿದೆಯೇ ಎಂದು ಹಿಂದಿನ ದಿನ ಕೇಳಿಕೊಳ್ಳಿ.

ದೀಪಾವಳಿ ಕಳೆದು ಡಿಸೆಂಬರ್ ಬರುವುದರೊಳಗೆ ಹೋದರೆ ಐದಕ್ಕೆ ನಾಲ್ಕೂವರೆ: ಮಳೆ ನಿಂತಿರುತ್ತದೆ, ಉಣ್ಣೆಯ ಕಾಲ ಶುರುವಾಗಿರುವುದಿಲ್ಲ, ಕೆಲವು ಮನೆಗಳಲ್ಲಿ ಸಂಜೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತಿರುತ್ತಾರೆ. ಫೆಬ್ರವರಿಗೆ ಎರಡೂವರೆ. ಜುಲೈಗೆ ಒಂದು, ಅದೂ ಊಟಕ್ಕೆ.