ಏಳು ವರ್ಷದಿಂದ ಕೈಯಲ್ಲಿರುವ ಮೌಸ್

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ, ಅಂದ್ರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಸಿದ್ಧಮಾಡುವ ಕೆಲಸ. ಮದುವೆ ಪತ್ರಿಕೆ, ಕಾಫಿ ತೋಟದವರ ಬಿಲ್ ಬುಕ್ ಅಂತ ದಿನವಿಡೀ ಮೌಸ್ ಕೈಯಲ್ಲೇ ಇರುತ್ತದೆ. ಈ ವೈರ್ ಇರುವ ಆಪ್ಟಿಕಲ್ ಮೌಸ್ ತಗೊಂಡು ಏಳು ವರ್ಷ ಆಯಿತು. ಹಿಂದೆ ಗುಂಡಿನ ಮೌಸ್ ಇದ್ದಾಗ ಕೆಳಗಿನ ಮುಚ್ಚಳ ತಿರುಗಿಸಿ, ರಬ್ಬರ್ ಗುಂಡು ಹೊರಗೆ ತೆಗೆದು, ಒಳಗಿನ ರೋಲರ್‌ಗೆ ಸುತ್ತಿಕೊಂಡ ಕೊಳೆಯನ್ನು ಉಗುರಿನಲ್ಲಿ ಕೆರೆಯಬೇಕಿತ್ತು, ನೆನಪಿದೆ ಅಲ್ವಾ? ಇದರಲ್ಲಿ ಆ ಕಾಟವೇ ಇಲ್ಲ. ಕೆಳಗೆ ಕೆಂಪು ಎಲ್‌ಇಡಿ, ಜೊತೆಗೆ ಪುಟ್ಟ ಕ್ಯಾಮೆರಾದಂಥ ಸೆನ್ಸರ್, ಅದು ಸೆಕೆಂಡಿಗೆ 1,000ಕ್ಕೂ ಜಾಸ್ತಿ ಚಿತ್ರ ತೆಗೆದು, ಒಂದಕ್ಕೊಂದು ಹೋಲಿಸಿ, ಮೌಸ್ ಎತ್ತ ಸರಿಯಿತು ಅಂತ ಲೆಕ್ಕ ಹಾಕುತ್ತದೆ. ಅದಕ್ಕೇ ಏನೂ ಗುರುತಿಲ್ಲದ ಗಾಜಿನ ಮೇಲೆ ಇಟ್ಟರೆ ಪರದೆಯಲ್ಲಿನ ಬಾಣ ಎಲ್ಲೆಲ್ಲೋ ಹಾರುತ್ತದೆ. ಕೆಳಗೊಂದು ಹಾಳೆ ಹಾಕಿ, ಸಾಕು.

ಐದನೇ ವರ್ಷ ಒಂದು ತೊಂದರೆ ಬಂತು. ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತಿತ್ತು, ಫೈಲ್ ಎಳೆಯಲು ಹೋದರೆ ನಡುವೆಯೇ ಕೈಬಿಡುತ್ತಿತ್ತು. ಒಳಗಿನ ಸ್ವಿಚ್ ಸವೆದಿತ್ತು ಅಷ್ಟೇ. ರಿಪೇರಿಯ ಹುಡುಗ ಹಳೆಯದನ್ನು ಬಿಡಿಸಿ ಹೊಸ ಸ್ವಿಚ್ ಬೆಸುಗೆ ಹಾಕಿಕೊಟ್ಟ. ಸುಮ್ನೆ ಎಸೆಯಬೇಡಿ, ಮೊದಲು ಸ್ವಿಚ್ ನೋಡಿಸಿ. ಮಳೆಗಾಲದಲ್ಲಿ ಚಕ್ರದ ರಬ್ಬರ್ ಸ್ವಲ್ಪ ಅಂಟುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ಎಡಗಡೆ ಬಟನ್ ನನ್ನ ಬೆರಳಿಗೆ ಸವೆದು ನುಣ್ಣಗಾಗಿದೆ, ಇವತ್ತೂ ಅದರಲ್ಲೇ ಕೆಲಸ.